ದಡಾರ ವೈರಸ್‌ನ ಎಂ ಪ್ರೋಟೀನ್ ಮಾತ್ರ ಯಾಕೆ ಕಾಣಿಸುವುದಿಲ್ಲ?

ಪ್ರಶ್ನೆ: ಎಸ್‌ಎಸ್‌ಪಿಇ ಬಗ್ಗೆ ಓದುತ್ತಿದ್ದೇನೆ, ದಡಾರ ಬಂದು ಸಾಮಾನ್ಯವಾಗಿ 7ರಿಂದ 10 ವರ್ಷ ಆದಮೇಲೆ ಮಿದುಳಿಗೆ ಬರುವ ಕಾಯಿಲೆ. ಸೋಂಕಿರುವ ಕೋಶಗಳಲ್ಲಿ ಎನ್ ಪ್ರೋಟೀನ್ (ವೈರಸ್‌ನ ಆರ್‌ಎನ್‌ಎಯನ್ನು ಸುತ್ತಿರುವ ಪ್ರೋಟೀನ್) ಧಾರಾಳವಾಗಿ ಸಿಗುತ್ತದೆ, ಎಂ (ವೈರಸ್ ಹೊದಿಕೆಯ ಒಳಬದಿಯ ಮ್ಯಾಟ್ರಿಕ್ಸ್ ಪ್ರೋಟೀನ್) ಮಾತ್ರ ಸಿಗುವುದೇ ಕಷ್ಟ. ತಯಾರಾಗುವುದೇ ಇಲ್ವಾ, ಅಥವಾ ತಯಾರಾಗಿ ಹಾಳಾಗುತ್ತದಾ?

ಉತ್ತರ 1: ಎರಡೂ ಇದೆ. ಕೆಲವು ತಳಿಗಳಲ್ಲಿ ಎಂ ಜೀನ್‌ನ ತುಂಬಾ ಕಡೆ ಆರ್‌ಎನ್‌ಎ ಅಕ್ಷರ ಯು ಹೋಗಿ ಸಿ ಬಂದಿರುತ್ತದೆ, ಶುರುವಿನ ಕೋಡಾನ್ (ಪ್ರೋಟೀನ್ ತಯಾರಿ ಎಲ್ಲಿಂದ ಶುರು ಅಂತ ಹೇಳುವ ಮೂರಕ್ಷರದ ಗುರುತು) ಕೆಟ್ಟರೆ ಪ್ರೋಟೀನೇ ಇಲ್ಲ. ಬೇರೆ ತಳಿಗಳಲ್ಲಿ ತಯಾರಾಗುತ್ತದೆ, ಆದರೆ ಬೇಗ ಒಡೆದುಹೋಗುತ್ತದೆ. ಸುಮ್ನೆ ವೆಸ್ಟರ್ನ್ ಬ್ಲಾಟ್ (ಪ್ರತಿಕಾಯ ಬಳಸಿ ಒಂದು ಪ್ರೋಟೀನ್ ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿದರೆ ಈ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಪಲ್ಸ್-ಚೇಸ್ ಮಾಡಿ. ಸ್ವಲ್ಪ ಹೊತ್ತು ವಿಕಿರಣಶೀಲ ಗಂಧಕ-35 ಇರುವ ಮೆಥಿಯೊನಿನ್ ಕೊಟ್ಟು, ಆಮೇಲೆ ಮಾಮೂಲಿ ಮೆಥಿಯೊನಿನ್‌ಗೆ ಬದಲಿಸಿ, ಜೆಲ್‌ನಲ್ಲಿ ಕಾಣುವ ಎಂ ಬ್ಯಾಂಡ್ (ಗೆರೆ) ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡುವುದು.

ಪ್ರಶ್ನೆ ಕೇಳಿದವರು: ಎಂ ಇಲ್ಲದಿದ್ದರೆ ವೈರಸ್‌ಗೇ ನಷ್ಟ ಅಲ್ವಾ?

ಉತ್ತರ 2: ಹೊಸ ಕಣ ಹೊರಬರಲು ಎಂ ಬೇಕು, ಆ ಲೆಕ್ಕದಲ್ಲಿ ನಷ್ಟವೇ. ಆದರೆ ಮಿದುಳಿನಲ್ಲಿ ಅದು ಹೊರಗೆ ಬರದೆ ನೇರ ಪಕ್ಕದ ಕೋಶಕ್ಕೆ ದಾಟುತ್ತದೆ, ಪೊರೆಗಳನ್ನು ಬೆಸೆಯುವ ಎಫ್ ಪ್ರೋಟೀನ್‌ನ ಬದಲಾವಣೆಗಳೂ ಇದಕ್ಕೆ ನೆರವಾಗುತ್ತವೆ. ಹಾಗಾಗಿ ರಕ್ತದಲ್ಲಿ ಪ್ರತಿಕಾಯ ಜಾಸ್ತಿ ಇದ್ದರೂ ಪ್ರಯೋಜನ ಕಡಿಮೆ.

ಉತ್ತರ 3: ಎಸ್‌ಎಸ್‌ಪಿಇ ದಡಾರದ ಲಸಿಕೆಯಿಂದಲೇ ಬರುತ್ತದೆ ಅನ್ನುವವರಿಗೆ ಒಂದು ಮಾತು: ರೋಗಿಗಳ ಮಿದುಳಿನಲ್ಲಿ ಸಿಕ್ಕಿರುವುದು ಕಾಡು ತಳಿಯ (ಸಹಜವಾಗಿ ಹರಡುವ) ವೈರಸ್, ಲಸಿಕೆಯದ್ದಲ್ಲ.