ಹಾಲ್ ಎಸಿ: ಗ್ಯಾಸ್ ತುಂಬಿಸುವ ಮುಂಚೆ ಲೀಕ್ ಹುಡುಕೋಣ

ಕಾರ್ಯದರ್ಶಿ, ಬಿ ವಿಂಗ್:
ಎಲ್ಲರಿಗೂ ನಮಸ್ಕಾರ. ಹಾಲ್‌ನ ಡಕ್ಟ್ ಎಸಿ ಮತ್ತೆ ತಣ್ಣಗಾಗುತ್ತಿಲ್ಲ. ಆರ್-22 ಅನ್ನೋ ಗ್ಯಾಸಿನಲ್ಲಿ ಓಡುವ ಹಳೇ ಮೆಷಿನ್. ಆ ಗ್ಯಾಸ್ ಈಗ ಸಿಗುವುದು ಕಷ್ಟ, ಬದಲಿಗೆ ಆರ್-32 ಅನ್ನೋ ಬೇರೆ ಗ್ಯಾಸ್ ಹಾಕಿ ಕೊಡ್ತೀವಿ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾನೆ. ಮುಂದಿನ ವಾರ ಸಿ ವಿಂಗ್‌ನವರ ಸೀಮಂತ ಬೇರೆ ಇದೆ. ಏನು ಮಾಡೋಣ?

ಎ-304:
ಡೊಂಬಿವಲಿಯ ಈ ಸೆಕೆಯಲ್ಲಿ ರೇಷ್ಮೆ ಸೀರೆ ಉಟ್ಟು ಕೂರುವವರು ನಾವು. ಯಾವುದೋ ಒಂದು ಹಾಕಿಸಿಬಿಡಿ ಸಾರ್!

ಸಿ-102:
ಅಕ್ಕ, ಅದೊಂದು ಬೇಡ. ಆರ್-32ರ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. ನಮ್ಮ ಕಂಪ್ರೆಸರ್ ಅದಕ್ಕೆ ಮಾಡಿದ್ದಲ್ಲ, ಒಳಗಿನ ಆಯಿಲ್ ಕೂಡ ಹೊಂದುವುದಿಲ್ಲ. ಮೇಲಾಗಿ ಅದು ಬೆಂಕಿ ಹತ್ತುವ ಗ್ಯಾಸ್. ಫ್ಯಾಕ್ಟರಿಯಲ್ಲಿ ದಿನಾ ಇದೇ ಕೆಲಸ ನನ್ನದು, ಅದಕ್ಕೇ ಹೇಳುತ್ತಿದ್ದೇನೆ.

ಬಿ-201:
ಆರ್-22 ಯಾಕೆ ಸಿಗುತ್ತಿಲ್ಲ ಅಣ್ಣ?

ಸಿ-102:
ಓಝೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಲ್ಲಿ ಹಂತ ಹಂತವಾಗಿ ಕಡಿಮೆ ಮಾಡುತ್ತಿದ್ದಾರೆ. 2025ರಿಂದ ನಮ್ಮ ದೇಶದಲ್ಲಿ ಈ ಗ್ಯಾಸಿನ ಹೊಸ ಮೆಷಿನ್ ತಯಾರಿಸುವ ಹಾಗಿಲ್ಲ. 2030ರ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಹಾಗಾಗಿ ಇರುವುದನ್ನು ಉಳಿಸಿಕೊಳ್ಳಬೇಕು.

ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಬೆಳಿಗ್ಗೆ ಟೆರೇಸಿಗೆ ಹೋಗಿ ನೋಡಿದೆ. ಅಲ್ಲಿರುವ ಔಟ್‌ಡೋರ್ ಯೂನಿಟ್‌ನ ಕಾಯಿಲ್ ಕೆಳಗಡೆ ಬಾಗಿದ ತಾಮ್ರದ ಪೈಪಿನ ಬೆಸುಗೆಯಲ್ಲಿ ಎಣ್ಣೆ ಜಿನುಗಿ, ಅದರ ಮೇಲೆ ಧೂಳು ಅಂಟಿ ಕಪ್ಪಗಾಗಿದೆ. ಗ್ಯಾಸಿನ ಜೊತೆ ಆಯಿಲ್ ಬರುತ್ತೆ. ನನ್ನ ಅನುಮಾನ ಅಲ್ಲೇ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎದ್ದು ಗೊತ್ತಾಗುತ್ತೆ.

ಇನ್ನೊಂದು ವಿಷಯ. ಸಂಡಿಗೆ ಒಣಗಿಸಲು ಔಟ್‌ಡೋರ್‌ಗೇ ತಾಡಪತ್ರಿ ಕಟ್ಟಿದ್ದಾರೆ. ಯಾರದ್ದೇ ಆಗಲಿ, ಬಿಚ್ಚಿಬಿಡಿ. ಬಿಸಿ ಗಾಳಿ ಹೋಗಲು ಜಾಗವೇ ಇಲ್ಲ.

ಎ-304:
ಸಂಡಿಗೆ ಚೆನ್ನಾಗಿ ಒಣಗಿರಬೇಕು 😄

ಬಿ-201:
ಹೊಸದೇ ತಗೊಂಡರೆ ವಾಸಿ ಅಲ್ವಾ?

ಕಾರ್ಯದರ್ಶಿ, ಬಿ ವಿಂಗ್:
ಅದು ಸರ್ವಸಾಧಾರಣ ಸಭೆಗೆ ಬರಬೇಕು. ಸಿಂಕಿಂಗ್ ಫಂಡ್ (ದೊಡ್ಡ ಖರ್ಚಿಗೆ ಸೊಸೈಟಿ ಕೂಡಿಟ್ಟ ಹಣ) ನಾನೊಬ್ಬನೇ ಮುಟ್ಟುವ ಹಾಗಿಲ್ಲ. ಸದ್ಯಕ್ಕೆ ಈ ಮೆಷಿನ್ ಓಡಲಿ.

ಸಿ-102:
ಸರಿ. ಹಾಗಾದರೆ ಕೊಟೇಶನ್‌ನಲ್ಲಿ ಬರೀ 'ಗ್ಯಾಸ್ ಚಾರ್ಜಿಂಗ್' ಅಂತ ಇದ್ದರೆ ಸಹಿ ಮಾಡಬೇಡಿ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಎಳೆದಿಟ್ಟುಕೊಳ್ಳಲಿ. ಬೆಸುಗೆ ಹಾಕಿ, ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತಾ ನೋಡಲಿ. ಆಮೇಲೆ ವ್ಯಾಕ್ಯೂಮ್ ಮಾಡಿ (ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆದು), ಗ್ಯಾಸನ್ನು ತೂಕ ಹಾಕಿ ತುಂಬಲಿ. ಎಷ್ಟು ಕೆಜಿ ಅಂತ ಬಿಲ್ಲಿನಲ್ಲಿ ಬರೆಸಿ. ಇದಿಷ್ಟೂ ಮಾಡದೆ ತುಂಬಿದರೆ ದೀಪಾವಳಿಗೆ ಮತ್ತೆ ಇದೇ ಚರ್ಚೆ. ಫಿಲ್ಟರ್ ತೊಳೆಯುವುದು ನಮ್ಮ ಕೈಲೇ ಆಗುತ್ತೆ.

ಎ-501:
ನಾನು ಶನಿವಾರ ಮುಂಬೈನ ಎಲೆಕ್ಟ್ರಿಕ್ ಸಾಮಾನಿನ ಮಾರ್ಕೆಟ್ ಲೋಹಾರ್ ಚಾಳ್ ಕಡೆ ಹೋಗುತ್ತೇನೆ. ಎಸಿಯ ಬಿಡಿಭಾಗ ಕೆಪಾಸಿಟರ್, ಕಾಂಟ್ಯಾಕ್ಟರ್ ಒಂದೊಂದು ಹೆಚ್ಚುವರಿ ತರಲಾ?

ಸಿ-102:
ತನ್ನಿ ಅಂಕಲ್. ಹಳೆಯದರ ಮೇಲಿನ ರೇಟಿಂಗ್ ಫೋಟೋ ಕಳಿಸುತ್ತೇನೆ, ಅದನ್ನೇ ತೋರಿಸಿ.

ಕಾರ್ಯದರ್ಶಿ, ಬಿ ವಿಂಗ್:
ಮೆಕ್ಯಾನಿಕ್‌ಗೆ ಭಾನುವಾರ 10 ಗಂಟೆಗೆ ಬರಲು ಹೇಳಿದ್ದೇನೆ. ಟೆರೇಸ್ ಕೀ ವಾಚ್‌ಮನ್ ಹತ್ರ ಇರುತ್ತೆ. ಸಿ-102, ನೀವು ಜೊತೆಗಿರಬೇಕು. ತಾಡಪತ್ರಿ ಶನಿವಾರ ಸಂಜೆಯೊಳಗೆ ತೆಗೆದಿರಲಿ.