‘ನಿಜವೋ ಸುಳ್ಳೋ, ಹುಷಾರಾಗಿದ್ದರೆ ತಪ್ಪೇನು’ ಅನ್ನುವವರಿಗೆ ಏನು ಹೇಳೋದು?

ಹಾಸನದ_ಹುಡುಗಿ:
ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮತ್ತೆ ಮಕ್ಕಳ ಕಳ್ಳರ ಆಡಿಯೋ ಬಂದಿದೆ. ಯಾವ ಊರು, ಯಾವತ್ತು, ಹೇಳಿದ್ದು ಯಾರು, ಒಂದೂ ಇಲ್ಲ. ಬೇರೆ ರಾಜ್ಯದವರು ಕಂಬಳಿ ಮಾರುವ ನೆಪದಲ್ಲಿ ಬರುತ್ತಾರಂತೆ, ಅಷ್ಟೇ. ಇದು ಸುಳ್ಳು ಅಂತ ಬರೆದೆ. ದೊಡ್ಡಪ್ಪ ‘ನಿಜವೋ ಸುಳ್ಳೋ, ಹುಷಾರಾಗಿದ್ದರೆ ತಪ್ಪೇನಮ್ಮ?’ ಅಂದರು. ಅದಕ್ಕೆ ಎಲ್ಲರದ್ದೂ ಥಂಬ್ಸ್ ಅಪ್. ಈಗ ಗ್ರೂಪಿನಲ್ಲಿ ನಾನೇ ವಿಲನ್. ವಿಚಿತ್ರ ಅಂದ್ರೆ ದೊಡ್ಡಪ್ಪ ಅಂಗಡಿ ಲೆಕ್ಕದಲ್ಲಿ ಒಂದು ರೂಪಾಯಿಯೂ ಸುಳ್ಳು ಬರೆದವರಲ್ಲ. ಇವರಿಗೆ ಏನು ಉತ್ತರ ಕೊಡಲಿ?

ಬೀದರ್ ಕಡೆಯವ:
ತಪ್ಪೇನು ಅಂದರೆ ಮುರ್ಕಿ ವಿಷಯ ಹೇಳಿ ನೋಡಿ. 2018ರ ಜುಲೈ 13, ನಮ್ಮ ಔರಾದ್ ತಾಲ್ಲೂಕು. ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರು ಅಂತ ಕೂಗೆದ್ದಿತು, ಅವರು ಹೆದರಿ ಕಾರು ಓಡಿಸಿದರು, ಅವರಿಗಿಂತ ಮೊದಲೇ ಮೆಸೇಜು ಮುಂದಿನ ಊರು ಮುಟ್ಟಿತ್ತು. ಮುರ್ಕಿಯಲ್ಲಿ ಜನ ದಾರಿಗೆ ಅಡ್ಡ ನಿಂತರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆಮೇಲೆ ಬಂಧನವಾದವರಲ್ಲಿ ಒಬ್ಬ ವಾಟ್ಸಾಪ್ ಗ್ರೂಪಿನ ಅಡ್ಮಿನ್.

ಅದಕ್ಕೂ ಮೊದಲು ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಹುಡುಗನೊಬ್ಬನನ್ನು ಇದೇ ಅನುಮಾನದ ಮೇಲೆ ಹೊಡೆದು ಕೊಂದಿದ್ದರು. ಆಗ ಎಲ್ಲರ ಫೋನಿನಲ್ಲೂ ಬೈಕಿನವರು ಮಗು ಎತ್ತಿಕೊಂಡು ಹೋಗುವ ವಿಡಿಯೋ ಇತ್ತಲ್ಲ, ಅದು ಪಾಕಿಸ್ತಾನದ ಕರಾಚಿಯದು. ಮಕ್ಕಳ ಬಗ್ಗೆ ಎಚ್ಚರ ಇರಲಿ ಅಂತ ಮಾಡಿದ ಜಾಹೀರಾತು. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ತುಂಡನ್ನು ಯಾರೋ ಕತ್ತರಿಸಿ ಹಾಕಿದ್ದರು.

ಸುಮ್ನಿರಪ್ಪ:
ಗ್ರೂಪ್ ಮ್ಯೂಟ್ ಮಾಡಿ, ನೆಮ್ಮದಿಯಾಗಿರಿ. ನಾನು ಮಾಡಿದ್ದು ಅದೇ.

ಮೆಜೆಸ್ಟಿಕ್_ಬಸ್:
ಮ್ಯೂಟ್ ಮಾಡಿದರೆ ನಮಗೆ ನೆಮ್ಮದಿ, ಕಂಬಳಿ ಮಾರುವವನಿಗೆ? 2012ರ ಆಗಸ್ಟ್ ನೆನಪಿಸಿಕೊಳ್ಳಿ. ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹಬ್ಬಿತ್ತು. ಸಾವಿರಾರು ಜನ ಕೆಲಸ, ಓದು ಎಲ್ಲ ಬಿಟ್ಟು ಬೆಂಗಳೂರು ಸ್ಟೇಷನ್ನಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ ಕೆಲವು ದಿನ ತಡೆ ಹಾಕಿತು. ಮೂರೂ ಕಡೆ ಪೆಟ್ಟು ತಿಂದವರು ಪರಊರಿನವರೇ, ನೋಡಿ. ನಾವು ‘ಹುಷಾರಾಗಿರೋದು’ ಅಂದರೆ ಅವರನ್ನು ಅನುಮಾನಿಸೋದು. ನಿಮ್ಮ ದೊಡ್ಡಪ್ಪನಿಗೆ ಖರ್ಚಿಲ್ಲ, ಅದಕ್ಕೇ ತಪ್ಪು ಕಾಣುವುದಿಲ್ಲ.

ಕೋರ್ಟುಕಚೇರಿ:
ಇದಕ್ಕೆ ಕಾನೂನೇ ಮದ್ದು ಅನ್ನುವವರಿದ್ದಾರೆ. 2025ರಲ್ಲಿ ನಮ್ಮ ರಾಜ್ಯದಲ್ಲೂ ಸುಳ್ಳು ಸುದ್ದಿ ಹರಡಿದರೆ ಏಳು ವರ್ಷ ಜೈಲು ಎಂಬ ಕರಡು ಓಡಾಡಿತ್ತು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಯಾವುದು ಸುಳ್ಳು ಅಂತ ಸರ್ಕಾರವೇ ತೀರ್ಮಾನಿಸಿದರೆ, ಸರ್ಕಾರದ ಸುಳ್ಳನ್ನು ಕೇಳುವವರು ಯಾರು?

ದೊಡ್ಡಪ್ಪನ ಲೆಕ್ಕದ ವಿಷಯಕ್ಕೆ ಬಂದರೆ, ಅಂಗಡಿ ಪುಸ್ತಕದಲ್ಲಿ ಬರೆದದ್ದು ಅವರ ಮಾತು. ಫಾರ್ವರ್ಡ್ ಮಾಡಿದ್ದು ತಮ್ಮ ಮಾತು ಅಂತ ಅವರಿಗೆ ಅನಿಸುವುದೇ ಇಲ್ಲ, ಬಂದದ್ದನ್ನು ದಾಟಿಸಿದೆ ಅಷ್ಟೇ ಅಂದುಕೊಳ್ಳುತ್ತಾರೆ. ಹಿಂದೆ ಊರಲ್ಲಿ ಗಾಳಿಸುದ್ದಿ ಹೇಳಿದರೂ ‘ನಿನಗೆ ಯಾರು ಹೇಳಿದರು’ ಅಂತ ಕೇಳುತ್ತಿದ್ದರು, ಅಲ್ವಾ? ಈಗ ಆ ಪ್ರಶ್ನೆಯೇ ಇಲ್ಲ. ನಾಳೆ ನಿಜವಾಗಿ ಒಂದು ಮಗು ಕಾಣೆಯಾಗಿ ಪೊಲೀಸರು ಫೋಟೋ ಕಳಿಸಿದರೆ ಅದನ್ನೂ ‘ಇದೂ ಅಂಥದ್ದೇ’ ಅಂತ ದಾಟಿ ಹೋಗುತ್ತೇವೆ. ನನಗೆ ಜಾಸ್ತಿ ಭಯ ಇದರದ್ದು.

ಬೀದರ್ ಕಡೆಯವ:
ಎಲ್ಲರ ಎದುರು ಹೇಳಬೇಡಿ ತಂಗಿ. ಗ್ರೂಪಿನಲ್ಲಿ ಹಿರಿಯರು ಸೋಲುವುದಿಲ್ಲ. ಫೋನ್ ಮಾಡಿ, ಇದು ನಿಮಗೆ ಯಾರು ಕಳಿಸಿದರು ಅಂತ ಮೆಲ್ಲಗೆ ಕೇಳಿ.

ಹಾಸನದ_ಹುಡುಗಿ:
ಸರಿ, ಫೋನೇ ಮಾಡುತ್ತೇನೆ. ಆ ಕರಾಚಿ ವಿಡಿಯೋ ಪೂರ್ತಿ ಇರುವುದು ಯಾರ ಹತ್ತಿರವಾದರೂ ಇದ್ದರೆ ಹಾಕಿ. ಬರೀ ಬಾಯಿಮಾತಿಗೆ ಅವರು ಒಪ್ಪುವುದಿಲ್ಲ.