ಇಪ್ಪತ್ತು ಸ್ಕ್ರಿಪ್ಟ್, ಒಂದೇ ಯುಟಿಲ್ಸ್ ಫೋಲ್ಡರ್: ಸರ್ವರ್‌ಗೆ ಹೇಗೆ ಹಾಕುತ್ತೀರಿ?

ಸ್ಕ್ರಿಪ್ಟ್‌ರಾಶಿ: ಕ್ರಾನ್‌ನಲ್ಲಿ (ಗೊತ್ತುಮಾಡಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಇಪ್ಪತ್ತು ಪೈಥಾನ್ ಸ್ಕ್ರಿಪ್ಟ್‌ಗಳಿವೆ. ಎಲ್ಲವೂ ಒಂದೇ ಯುಟಿಲ್ಸ್ ಫೋಲ್ಡರನ್ನು ಇಂಪೋರ್ಟ್ ಮಾಡುತ್ತವೆ. ಪೈಥಾನ್ ಕೋಡ್ ಹುಡುಕುವ ಜಾಗಗಳ ಪಟ್ಟಿಗೆ ಆ ಫೋಲ್ಡರನ್ನು ಸೇರಿಸಲು ಪ್ರತಿ ಫೈಲಿನ ತಲೆಯಲ್ಲೂ ಸಿಸ್.ಪಾತ್.ಅಪೆಂಡ್ ಸಾಲು. ಈಗ ಎರಡನೇ ಸರ್ವರ್ ಬಂದಿದೆ. ಅಲ್ಲಿ ಪಾತ್ ಬೇರೆ, ಒಂದೂ ಓಡುತ್ತಿಲ್ಲ.

ಹಳೇಸರ್ವರ್: ಮೊದಲು ಆ ಸಾಲು ತೆಗೆಯಿರಿ. ಅಪೆಂಡ್ ಮಾಡಿದ್ದು ಪಟ್ಟಿಯ ಕೊನೆಗೆ ಹೋಗುತ್ತದೆ. ಯುಟಿಲ್ಸ್ ಅನ್ನೋ ಬೇರೆ ಪ್ಯಾಕೇಜ್ ಮೊದಲೇ ಇದ್ದರೆ ಪೈಥಾನ್ ಅದನ್ನೇ ಎತ್ತಿಕೊಳ್ಳುತ್ತದೆ. ಹೆಸರು ಬದಲಿಸಿ, ಪೈಪ್ರಾಜೆಕ್ಟ್.ಟಾಮ್ಲ್ (ಪ್ಯಾಕೇಜಿನ ವಿವರ ಇರುವ ಫೈಲ್) ಬರೆದು ಪ್ಯಾಕೇಜ್ ಮಾಡಿ. ಸ್ಕ್ರಿಪ್ಟ್‌ಗಳೂ ಅದರೊಳಗೇ ಇರಲಿ. ಆ ಫೈಲಿನ ಪ್ರಾಜೆಕ್ಟ್.ಸ್ಕ್ರಿಪ್ಟ್ಸ್ ಭಾಗದಲ್ಲಿ ಒಂದೊಂದಕ್ಕೂ ಕಮಾಂಡ್ ಹೆಸರು ಕೊಡಿ. ಒಂದು ವೆನ್ವ್ (ಲೈಬ್ರರಿಗಳನ್ನು ಪ್ರತ್ಯೇಕವಾಗಿ ಇಡುವ ಪೈಥಾನ್ ಫೋಲ್ಡರ್), ಅದರೊಳಗೆ ಒಂದು ಪಿಪ್ ಇನ್‌ಸ್ಟಾಲ್, ಮುಗೀತು. ಕ್ರಾನ್‌ನಲ್ಲಿ ವೆನ್ವ್‌ನ ಬಿನ್ ಒಳಗಿನ ಕಮಾಂಡ್‌ಗೆ ಪೂರ್ತಿ ಪಾತ್ ಕೊಟ್ಟರೆ ಆಕ್ಟಿವೇಟ್ ಕೂಡ ಬೇಡ.

ಹಾವಾಡಿಗ: ಒಂದೇ ವೆನ್ವ್ ಅನ್ನೋದೇ ಮುಂದಿನ ತಲೆನೋವು. 2023ರಲ್ಲಿ ಪಾಂಡಾಸ್ (ಡೇಟಾ ಕೋಷ್ಟಕಗಳ ಲೈಬ್ರರಿ) 2.0, ಡೇಟಾಫ್ರೇಮ್ ಅನ್ನೋ ತನ್ನ ಕೋಷ್ಟಕಕ್ಕೆ ಸಾಲು ಸೇರಿಸುವ ಅಪೆಂಡನ್ನು ಕಿತ್ತುಹಾಕಿತು. ಒಂದು ಸ್ಕ್ರಿಪ್ಟ್‌ಗೆ 1.5 ಬೇಕು, ಇನ್ನೊಂದಕ್ಕೆ 2 ಬೇಕು ಅಂದರೆ? ಪೆಪ್ 723 ಅನ್ನೋ ಪೈಥಾನ್ ಮಾನದಂಡ ಇದೆಯಲ್ಲ. ಏನೇನು ಬೇಕು ಅಂತ ಸ್ಕ್ರಿಪ್ಟಿನ ತಲೆಯಲ್ಲೇ ಕಾಮೆಂಟಾಗಿ ಬರೆಯಿರಿ. ಯುವಿ ಅನ್ನೋ ಟೂಲಿನ ರನ್ ಕಮಾಂಡ್ ಅದನ್ನು ಓದಿ ಒಂದೊಂದಕ್ಕೂ ಬೇರೆ ವೆನ್ವ್ ಕಟ್ಟುತ್ತದೆ. ಕ್ಯಾಶ್‌ನಿಂದ ಲಿಂಕ್ ಮಾಡುವುದರಿಂದ ಡಿಸ್ಕ್ ಜಾಗ ಜಾಸ್ತಿ ಹಿಡಿಯುವುದಿಲ್ಲ.

ಹಳೇಸರ್ವರ್: ಇಪ್ಪತ್ತು ಫೈಲಿಗೆ ಇಪ್ಪತ್ತು ಪಟ್ಟಿ! ನಾಳೆ ಒಂದು ಲೈಬ್ರರಿಯಲ್ಲಿ ಭದ್ರತಾ ದೋಷ ಸಿಕ್ಕಿದರೆ ಇಪ್ಪತ್ತು ಕಡೆ ತಿದ್ದುತ್ತೀರಾ? ಪಾಂಡಾಸ್‌ನ ಅಪೆಂಡ್ ಬದಲು ಅದರದ್ದೇ ಕಾನ್‌ಕ್ಯಾಟ್ ಬರೆದರೆ ಆಯ್ತು. ನೆಗಡಿ ಬಂತು ಅಂತ ಮೂಗು ಕೊಯ್ಯೋದಾ?

ಹಾವಾಡಿಗ: ಯುಟಿಲ್ಸ್ ಪ್ಯಾಕೇಜ್ ಆಗಬೇಕು, ಒಪ್ಪಿದೆ. ಆದರೆ ನಿಮ್ಮ ದಾರಿಯಲ್ಲಿ ಅದರ ಒಂದು ಫಂಕ್ಷನ್ ಬದಲಿಸಿದರೆ ಇಪ್ಪತ್ತಕ್ಕೂ ಒಟ್ಟಿಗೇ ತಟ್ಟುತ್ತದೆ. ಯಾವುದು ಬಿತ್ತು ಅಂತ ರಾತ್ರಿ ಕ್ರಾನ್ ಓಡಿದ ಮೇಲೇ ಗೊತ್ತಾಗೋದು. ನನ್ನ ದಾರಿಯಲ್ಲಿ ಹಳೇ ಸ್ಕ್ರಿಪ್ಟ್ ಹಳೇ ವರ್ಶನ್ ಮೇಲೆ ಸುಮ್ನೆ ಓಡುತ್ತಿರುತ್ತದೆ.

ಹಳೇಸರ್ವರ್: ಹೌದು, ಅದರ ಹಳೇ ಬಗ್‌ಗಳ ಸಮೇತ. ಟೆಸ್ಟ್ ಬರೆಯಿರಿ ಸ್ವಾಮಿ.

ನೆಟ್ಟಿಲ್ಲದವ: ಇಬ್ಬರೂ ಸರ್ವರ್‌ಗೆ ಇಂಟರ್‌ನೆಟ್ ಇದೆ ಅಂದುಕೊಂಡಿದ್ದೀರಿ. ನಮ್ಮಲ್ಲಿಲ್ಲ. ಝಿಪ್‌ಆಪ್ (ಕೋಡೆಲ್ಲ ತುಂಬಿದ, ನೇರವಾಗಿ ಓಡುವ ಝಿಪ್) ಮಾಡಿ ಒಂದೇ ಫೈಲ್ ಕಳಿಸಬಹುದಲ್ವಾ?

ಹಾವಾಡಿಗ: ಪಾಂಡಾಸ್ ಇದ್ದರೆ ಆಗುವುದಿಲ್ಲ. ಅದರಲ್ಲಿರುವ ಸಿ ಎಕ್ಸ್‌ಟೆನ್ಷನ್‌ಗಳು (ಸಿ ಭಾಷೆಯಂಥದ್ದರಲ್ಲಿ ಬರೆದು ಕಂಪೈಲ್ ಮಾಡಿದ ಭಾಗಗಳು) ಝಿಪ್ ಒಳಗಿಂದ ಲೋಡ್ ಆಗುವುದಿಲ್ಲ. ಶಿವ್ ಅನ್ನೋ ಟೂಲ್ ನೋಡಿ, ಅದು ಕಟ್ಟಿದ ಫೈಲ್ ಮೊದಲ ಸಲ ಓಡುವಾಗ ಎಲ್ಲವನ್ನೂ ಹೊರಗೆ ಬಿಚ್ಚಿಕೊಳ್ಳುತ್ತದೆ. ಸರ್ವರಿನಲ್ಲಿರುವ ಪೈಥಾನ್ ವರ್ಶನ್ನಿನಲ್ಲೇ ಕಟ್ಟಿ.

ಸ್ಕ್ರಿಪ್ಟ್‌ರಾಶಿ: ನಮ್ಮಲ್ಲಿ ಪಾಂಡಾಸ್ 1.5 ಕೇಳುವುದು ಒಂದೇ ಸ್ಕ್ರಿಪ್ಟ್. ಬರೆದವರು ಕೆಲಸ ಬಿಟ್ಟಿದ್ದಾರೆ, ಮುಟ್ಟಲು ಭಯ. ಅದಕ್ಕೆ ಮಾತ್ರ ಪೆಪ್ 723, ಉಳಿದವೆಲ್ಲ ಪ್ಯಾಕೇಜ್. ಓಕೆನಾ?

ಹಳೇಸರ್ವರ್: ಸದ್ಯಕ್ಕೆ ಓಕೆ. ಆ ಸ್ಕ್ರಿಪ್ಟಿನಲ್ಲಿ ರಿಕ್ವೈರ್ಸ್-ಪೈಥಾನ್ ಸಾಲೂ (ಯಾವ ಪೈಥಾನ್ ವರ್ಶನ್ ಬೇಕು ಅನ್ನೋದು) ಹಾಕಿ. ಪಾಂಡಾಸ್ 1.5ರ ರೆಡಿ ವೀಲ್‌ಗಳು (ಮೊದಲೇ ಕಟ್ಟಿಟ್ಟ ಇನ್‌ಸ್ಟಾಲ್ ಫೈಲ್‌ಗಳು) ಪೈಥಾನ್ 3.11ರವರೆಗೆ ಮಾತ್ರ ಇವೆ.